ಅಲ್ಲಾಡದ ಸ್ಟೂಲು

ಕಣ್ಣಿನ ಆಸ್ಪತ್ರೆಯ ಬೆಂಚಿನ ತುದಿಯಲ್ಲಿ ಟೈಲರಮ್ಮ ಔಷಧಿ ಬಿಟ್ಟ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಮಾತು ಕದ್ದು ಕೇಳುವ ಚಾಳಿ ಅವರಿಗಿಲ್ಲ. ಆದರೆ ಕಿವಿಗೇನು ಔಷಧಿ ಬಿಟ್ಟಿರಲಿಲ್ಲವಲ್ಲ! ಪಕ್ಕದಲ್ಲಿ ಬಡಗಿಯೊಬ್ಬ ಹೆಂಡತಿಯ ಹತ್ತಿರ ಗೋಳಾಡುತ್ತಿದ್ದ.

“ಸ್ಕೂಲಿನವರು ಸ್ಟೂಲೆಲ್ಲಾ ವಾಪಸ್ ಕಳಿಸಿದ್ದಾರೆ ಕಣೇ.”

“ಅಯ್ಯೋ, ಅಲ್ಲಾಡುತ್ವಂತಾ?”

“ಅಲ್ಲಾಡಲ್ವಂತೆ!”

“ಹಾಗಂದ್ರೆ?”

“ಒಂದನೇ ಕ್ಲಾಸಿನ ಮಕ್ಕಳು ಒಂದು ಕಡೆ ಸುಮ್ನೆ ಕೂರಲ್ವಂತೆ. ಅಲ್ಲಾಡ್ತಾ ಕೂತ್ರೇನೇ ಪಾಠ ತಲೆಗೆ ಹತ್ತೋದಂತೆ.”

“ಮೊದಲೇ ಹೇಳ್ಬಾರದಿತ್ತಾ ಅವರು?”

“ಹೇಳಿದ್ರು. ನಾನೂ ಅಡಿ ದುಂಡಗೇ ಮಾಡಿದ್ದೆ. ಅಲ್ಲಾಡೋದು ನೋಡಿ ಜೀವ ತಡೀಲಿಲ್ಲ, ಉಜ್ಜಿ ಮಟ್ಟ ಮಾಡ್ಬಿಟ್ಟೆ.”

“ನಿಮಗೆ ಬಾರದ ಕೆಲಸಾನಾ ಅದು? ಮದುವೆಯಾದ ಹೊಸದರಲ್ಲಿ ನಂಗೊಂದು ಸ್ಟೂಲು ಮಾಡಿಕೊಟ್ರಲ್ಲ, ಅದನ್ನೇ ನೋಡ್ಕೊಂಡು ಮಾಡಿ.”

ಅಷ್ಟರಲ್ಲಿ ನರ್ಸ್ ಆ ಗಂಡ-ಹೆಂಡತಿಯ ಚೀಟಿ ನಂಬರು ಕೂಗಿದಳು.

ಇಬ್ಬರೂ ಎದ್ದಿದ್ದೇ ತಡ, ಬೆಂಚು ಟೈಲರಮ್ಮನ ಕಡೆಗೆ ವಾಲಿತು. ಬಡಗಿ ಬಗ್ಗಿದಂತಾಯಿತು. ಕಾಗದ ಮಡಚುವ ಸದ್ದು, ಬೆಂಚಿನ ಕಾಲಿನಡಿ ತುರುಕುವ ಸದ್ದು. ಬೆಂಚು ನೆಟ್ಟಗಾಯಿತು.

“ಈಗ ಆರಾಮಾಗಿ ಕೂತ್ಕೊಳ್ಳಮ್ಮಾ,” ಎಂದು ಹೇಳಿ ಅವನು ಹೊರಟ.

ಡಾಕ್ಟರ ಬಾಗಿಲಿನಿಂದ ಹೆಂಡತಿಯ ದನಿ ಕೇಳಿತು: “ರೀ, ಚೀಟಿ ಎಲ್ರೀ?”