ಸಾವಿನ ಸುದ್ದಿ ಹೇಳುವ ಅಭ್ಯಾಸ

ಪರದೇಶದಲ್ಲಿ, ಗ್ಲೆನ್ ವೇವರ್ಲಿ ಸ್ಟೇಷನ್ನಿನಿಂದ ಹೊರಟ ರೈಲಿನಲ್ಲಿ, ಹಿಂದಿನ ಸೀಟಿನ ಕನ್ನಡ ಕಿವಿಗೆ ಬಿದ್ದದ್ದೇ ಶಂಕರನಾರಾಯಣರು ಪೇಪರ್ ಮಡಚಿದರು. ಡಿಗ್ರಿ, ಮೆಡಿಕಲ್ ಎರಡೂ ಒಟ್ಟಿಗೆ ಸಿಗುವ ಕೋರ್ಸಿನ ಇಂಟರ್‌ವ್ಯೂಗೆ ತಾಯಿಯೊಬ್ಬಳು ಮಗಳನ್ನು ತಯಾರು ಮಾಡುತ್ತಿದ್ದಳು.

“ಡಾಕ್ಟರ್ ಯಾಕಾಗ್ಬೇಕು ಅಂತ ಕೇಳಿದ್ರೆ?”

“ಅಜ್ಜಿ ಸಾಯೋವಾಗ ಪಕ್ಕದಲ್ಲಿದ್ದೆ ಅನ್ನಬೇಕು. ಆದ್ರೆ ನಾನು ಇರ್ಲಿಲ್ವಲ್ಲಮ್ಮ.”

“ಅದು ಅವರಿಗೇನು ಗೊತ್ತಾಗತ್ತೆ?”

“ಅಜ್ಜಿ ಹೋಗಿದ್ದನ್ನೇ ನಂಗೆ ಹೇಳ್ಲಿಲ್ಲ, ನೀನೂ ಅಪ್ಪಾನೂ.”

“ಎಂಟ್ರೆನ್ಸ್ ಇತ್ತಲ್ಲೇ. ಮುಗಿದ ಸಂಜೇನೇ ಹೇಳಿದ್ವಿ.”

“ಅಷ್ಟ್ರಲ್ಲಿ ವೈಕುಂಠ ಸಮಾರಾಧನೆನೂ ಮುಗಿದಿತ್ತು.”

ತಾಯಿ ಕೋಚಿಂಗ್‌ನವರು ಕೊಟ್ಟ ಹಾಳೆ ತಿರುವಿದ ಸದ್ದಾಯಿತು.

“ಈಗ ಅದೆಲ್ಲ ಬೇಡ. ರೋಗಿ ಸತ್ತ ಸುದ್ದೀನ ಮನೆಯವರಿಗೆ ಹೇಗೆ ಹೇಳ್ತೀಯ?”

ರೈಲು ನಿಂತಿತು. ಮಗಳು ಬ್ಯಾಗು ಹೆಗಲಿಗೇರಿಸಿ ಬಾಗಿಲ ಕಡೆ ನಡೆದಳು.

“ಮನೇಲಿ ಯಾರಿಗಾದ್ರೂ ಪರೀಕ್ಷೆ ಇದೆಯಾ ಅಂತ ಮೊದ್ಲು ಕೇಳ್ತೀನಿ.”