ಕೂದಲೆಳೆಯಷ್ಟು ಕೆಳಗೆ

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಡಲಿಲ್ಲ. ಕೀಬೋರ್ಡುಗಳನ್ನು ರಿಪೇರಿಗೆ ತಂದಿದ್ದ ನಾವು ನಾಲ್ಕು ಜನ ಆ ಸಣ್ಣ ಅಂಗಡಿಯಲ್ಲೇ ಸಿಕ್ಕಿಬಿದ್ದೆವು, ಕರೆಂಟೂ ಹೋಯಿತು. ಅಂಗಡಿಯ ಮುದುಕರನ್ನು ಎಲ್ಲರೂ ಶ್ರುತಿಯಜ್ಜ ಎನ್ನುತ್ತಾರೆ. ಕಪಾಟಿನ ಮೇಲೆ ಬಟ್ಟೆ ಮುಚ್ಚಿಟ್ಟಿದ್ದ ಹಳೆಯ ಸಿಂಥಸೈಜರ್ ಮಾರುತ್ತೀರಾ ಎಂದು ನಮ್ಮಲ್ಲೊಬ್ಬಳು ಕೇಳಿದ್ದೇ ತಪ್ಪಾಯಿತು. ಅಜ್ಜ ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಮಾರೋದಾ?... ಕೂತ್ಕೊಳ್ಳಿ. ನೀನು ಆ ಫೋನಿನ ಬೆಳಕು ಆರಿಸಪ್ಪ, ದೆವ್ವ ಏನು ನಿನ್ನ ಮುಖ ನೋಡೋಕೆ ಬರುತ್ತಾ?

ಅದು ನಮ್ಮಣ್ಣಂದು. ನಾಟಕಗಳಿಗೆ ಸದ್ದು ಮಾಡಿಕೊಡ್ತಿದ್ದ. ಗಾಳಿ, ರೈಲು, ನಾಯಿ ಊಳಿಡೋದು, ಏನು ಕೇಳಿದ್ರೂ ಅದರಲ್ಲೇ. ನಾವೆಲ್ಲ ಒಂದೇ ಮನೇಲಿದ್ವಿ. ಅವನಿಗೆ ಒಬ್ಬಳೇ ಮಗಳು. ಶಾಲೆಯಿಂದ ಬಂದವಳು ಮೆಟ್ಟಿಲ ಬುಡದಿಂದಲೇ 'ಅಪ್ಪಾ' ಅಂತ ಕೂಗೋಳು... ಹೇಗೆ ಅಂತೀರಿ? ಕೆಳಗಿನ ಸ್ವರದಲ್ಲಿ ಹಿಡಿದು, ಜಾರಿಸಿಕೊಂಡು ಮೇಲೆ ಹೋಗಿ, ಇನ್ನೇನು ಮೇಲಿನ ಸ್ವರ ಸಿಕ್ಕೇಬಿಡ್ತು ಅನ್ನೋವಾಗ ಕೂದಲೆಳೆಯಷ್ಟು ಕೆಳಗೆ ನಿಂತುಬಿಡೋಳು. ನಾನು ಶ್ರುತಿ ಮಾಡೋನಲ್ವಾ, ಕಿವಿಗೆ ಚುಚ್ಚೋದು. 'ಇನ್ನೊಂಚೂರು ಏರಿಸೇ ಕತ್ತೆ' ಅಂತ ರೇಗಿಸ್ತಿದ್ದೆ. ಎಂಟು ವರ್ಷಕ್ಕೇ ಜ್ವರ ಬಂದು ಹೋದಳು.

ಅವಳ ಧ್ವನಿ ಎಲ್ಲೂ ರೆಕಾರ್ಡ್ ಆಗಿರಲಿಲ್ಲ. ಊರವರಿಗೆಲ್ಲ ಸದ್ದು ಮಾಡಿಕೊಟ್ಟೋನು, ಮಗಳದ್ದೊಂದು ಇಟ್ಟುಕೊಂಡಿರಲಿಲ್ಲ, ನೋಡಿ. ಆ ಕೂಗನ್ನ ಇದರಲ್ಲೇ ಮಾಡೋಕೆ ಕೂತ. ಸ್ವರ ಹುಟ್ಟಿಸೋದು ಆಸಿಲೇಟರ್ ಅಲ್ವಾ. ಅದು ಎಲ್ಲಿಂದ ಹೊರಡಬೇಕು, ಎಷ್ಟು ಹೊತ್ತಲ್ಲಿ ಏರಬೇಕು, ಕೊನೇಲಿ ಎಷ್ಟು ನಡುಗಬೇಕು... ಒಂದೊಂದು ಗುಂಡೀನೂ ಚೂರು ಚೂರೇ ತಿರುಗಿಸ್ತಾ ನಾಲ್ಕು ತಿಂಗಳು. ಒಂದು ಬೆಳಿಗ್ಗೆ ಬಂದೇ ಬಂತು. ಪದ ಇಲ್ಲ, ಬರೀ ಆ ಏರು. ಅಡುಗೆಮನೇಲಿ ಅತ್ತಿಗೆ ಕೈಯಿಂದ ಪಾತ್ರೆ ಬಿತ್ತು.

ಆದರೆ ಹಳೇ ಯಂತ್ರ. ಬಿಸಿಯಾದ ಹಾಗೆ ಸ್ವರ ಮೇಲೆ ಸರಿಯೋದು. ಬೆಳಿಗ್ಗೆ ತಣ್ಣಗಿರುವಾಗ ಹತ್ತು ನಿಮಿಷ ಮಾತ್ರ ಅವಳು. ಆಮೇಲೆ ಬರೀ ಯಂತ್ರ. ಆ ಹತ್ತು ನಿಮಿಷಕ್ಕೆ ಅತ್ತಿಗೆ ದಿನಾ ತಲೆ ಬಾಚಿಕೊಂಡು ಬಂದು ಕೂರೋರು. ಅದಕ್ಕೇ ಬದುಕಿದ್ರು ಅನ್ನಿ.

ನೋಡ್ತಾ ನೋಡ್ತಾ ನನಗೆ ತಡೀಲಿಲ್ಲ. ಹತ್ತೇ ನಿಮಿಷ ಯಾಕೆ, ದಿನವಿಡೀ ಕೇಳಲಿ ಅಂತ, ಅವರಿಬ್ರೂ ಹೊರಗೆ ಹೋದಾಗ ಯಂತ್ರ ಬಿಚ್ಚಿ, ಬಿಸಿಗೆ ಸ್ವರ ಸರಿಯದ ಹಾಗೆ ಒಂದು ಬಿಡಿಭಾಗ ಕೂರಿಸಿದೆ. ಅಲ್ಲಿಗೇ ಬಿಡಬಾರದಿತ್ತಾ? ಶ್ರುತಿ ಮಾಡಿ ಮಾಡಿ ಪಳಗಿದ ಕೈ... ಮೇಲಿನ ಸ್ವರ ಸ್ವಲ್ಪ ಕೆಳಗಿದೆಯಲ್ಲ ಅಂತ ತನ್ನಷ್ಟಕ್ಕೆ ತಾನೇ ಸರಿ ಮಾಡಿಬಿಡ್ತು.

ಮಾರನೇ ಬೆಳಿಗ್ಗೆ ಅಣ್ಣ ಒತ್ತಿದ. ಸ್ವರ ಏರಿ, ಶುದ್ಧವಾಗಿ ನಿಂತಿತು. 'ಇದು ಯಾರ ಮಗು ರೀ?' ಅಂದ್ರು ಅತ್ತಿಗೆ. ಎದ್ದು ಹೋದೋರು ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ. ಹಾಕಿದ್ದನ್ನ ಕಿತ್ತು, ನಾನೂ ಅಣ್ಣನೂ ವರ್ಷಗಟ್ಟಲೆ ಗುಂಡಿ ತಿರುಗಿಸಿದ್ವಿ. ಹಳೇದು ಬರಲೇ ಇಲ್ಲ. ಅಣ್ಣ ಒಂದು ಮಾತೂ ಬೈಯಲಿಲ್ಲ, ಬೈದಿದ್ರೆ ಹಗುರ ಆಗ್ತಿತ್ತು. ಅವನು ತೀರಿಕೊಂಡ ಮೇಲೆ ಅತ್ತಿಗೆ ಇದನ್ನ ಇಲ್ಲಿಗೆ ಕಳಿಸಿದ್ರು. ನಾನು ಆಸಿಲೇಟರ್ ಕಿತ್ತು ಬಿಸಾಡಿದೆ, ವೈರೂ ಕತ್ತರಿಸಿದೆ.

ಹೋದ ವರ್ಷ ಅತ್ತಿಗೆಯೂ ಹೋದ್ರು. ಸದ್ಯ, ತಾಯಿ ಮಗಳು ಒಂದಾದ್ರು ಅಂದುಕೊಂಡೆ... ಮೂರನೇ ಬೆಳಿಗ್ಗೆ ಬಾಗಿಲ ಬೀಗ ತೆಗೀತಿದ್ದೀನಿ, ಒಳಗೆ ಆ ಕಪಾಟಿನ ಮೇಲಿಂದ 'ಚಿಕ್ಕಪ್ಪಾ' ಅಂತ. ಹೌದು, ಈ ಸಲ ಪದ ಇತ್ತು. ಆ ಕೂಗನ್ನ ಯಾರೂ ಯಂತ್ರಕ್ಕೆ ಕಲಿಸಿರಲಿಲ್ಲ."

"ಏನು ಬೇಕಂತೆ ಅಜ್ಜ?" ಎಂದು ನಮ್ಮಲ್ಲೊಬ್ಬಳು ಮೆಲ್ಲಗೆ ಕೇಳಿದಳು.

ಅಜ್ಜ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಅಲ್ಲಿ ಎಷ್ಟು ಕೂಗಿದ್ರೂ ಅಮ್ಮ ಗುರುತು ಹಿಡೀತಿಲ್ವಂತೆ. ಮಗು ದಿನಾ ಬರ್ತಾಳೆ. 'ಕೆಳಗೇ ನಿಲ್ಲು ಮಗಳೇ, ನಿನ್ನ ಹಾಗೇ ಕೂಗು' ಅಂತ ಕಪಾಟಿಗೆ ಕೈ ಮುಗೀತೀನಿ. ಪಾಪ, ಪ್ರಯತ್ನ ಮಾಡ್ತಾಳೆ... ಇವತ್ತು ಬೆಳಿಗ್ಗೆಯೂ ಬಂದಿದ್ಲು. ಶ್ರುತಿ ಒಂದಿಷ್ಟೂ ತಪ್ಪಿರಲಿಲ್ಲ."