ಕೆಂಪು ಕಣ್ಣಿಗೆ ಹಚ್ಚಿದ ಕಾಡಿಗೆ

ಶರಣರೇ, ಹಿಂದೆ ಒಂದೂರಲ್ಲಿ ನಾನು ದೃಷ್ಟಾಂತ ಹೇಳುವಾಗ ಗುಡಿಯ ಮುಂದಿನ ಕಲ್ಲಿನ ಬಸವಣ್ಣ ತಲೆ ತೂಗಿದ. ನಂಬದವರು ಹೋಗಿ ನೋಡಿ, ಅವನ ಕುತ್ತಿಗೆ ಇನ್ನೂ ಸ್ವಲ್ಪ ಓರೆಯಾಗಿದೆ. ಮೂರು ಜಿಲ್ಲೆಗಳಲ್ಲಿ ನನ್ನಷ್ಟು ಚೆನ್ನಾಗಿ ಸುಳ್ಳು ಬೆರೆಸಿ ನಿಜ ಹೇಳುವವನು ಇನ್ನೊಬ್ಬನಿಲ್ಲ. ಇವತ್ತು ಮಾತ್ರ ಕಥೆಯ ಮೊದಲರ್ಧಕ್ಕಷ್ಟೇ ಉಪ್ಪು ಖಾರ ಹಚ್ಚುತ್ತೇನೆ. ಉಳಿದರ್ಧಕ್ಕೆ ಅದು ಬೇಕಾಗಿಲ್ಲ.

ಒಬ್ಬ ಸಾಹುಕಾರ ಅಂತ ಇಟ್ಟುಕೊಳ್ಳಿ, ಎಣ್ಣೆ ಗಿರಣಿಯವನು. ಎಂಥ ಶ್ರೀಮಂತ ಅಂದರೆ, ಅವನ ಮನೆಯ ಬೆಕ್ಕು ಸಾದಾ ಹಾಲು ಮೂಸುತ್ತಿರಲಿಲ್ಲ, ಕೇಸರಿ ಹಾಕಿದರೆ ಮಾತ್ರ ಕುಡಿಯುತ್ತಿತ್ತು. ಊರಾಚೆ ಒಬ್ಬ ಮೊಲ ಸಾಕುತ್ತಿದ್ದ. ವ್ಯಾಪಾರ ಮುಳುಗಿತು, ರಾತ್ರೋರಾತ್ರಿ ಊರು ಬಿಟ್ಟ. ಪಂಜರದಲ್ಲಿದ್ದ ಮೊಲಗಳಿಗೆ ನಾಲ್ಕು ದಿನ ಹುಲ್ಲಿಲ್ಲ, ನೀರಿಲ್ಲ. ಸಾಹುಕಾರನಿಗೆ ಅದು ತಿಳಿದದ್ದು ಅವನ ತಾಯಿಯ ಪುಣ್ಯತಿಥಿಯ ದಿನ. ಕರಗಿಹೋದ. ಅಷ್ಟೂ ಮೊಲಗಳನ್ನು ತರಿಸಿ ಗಿರಣಿಯ ಖಾಲಿ ಗೋದಾಮಿಗೆ ಬಿಟ್ಟ. ಎಷ್ಟು ಮೊಲ? ನಲವತ್ತು. ನಾನು ಬೇರೆ ಊರಲ್ಲಿ ನಾಲ್ಕು ಸಾವಿರ ಅಂದಿದ್ದೆ, ಅಲ್ಲಿಯ ಜನಕ್ಕೆ ಅಷ್ಟು ಬೇಕಿತ್ತು.

ಗಿರಣಿಯ ಕಸ ಗುಡಿಸುವವಳೊಬ್ಬಳಿದ್ದಳು. ಫಕೀರವ್ವ ಅನ್ನೋಣ, ನಿಜವಾದ ಹೆಸರು ಬೇರೆ. ಮೊಲಗಳ ಜವಾಬ್ದಾರಿ ಅವಳ ಮೇಲೆ ಬಿತ್ತು. ಸಾಹುಕಾರ ಹೇಳಿದ, “ಯಾರಿಗೆ ಬೇಕೋ ಅವ್ರು ಪುಕ್ಕಟೆ ಒಯ್ಲಿ, ಸಾಕ್ಲಿ. ನಾಕ್ ಐತ್ವಾರ ಟೈಮ್. ಆಮ್ಯಾಲ ಶೇಂಗಾ ಬರ್ತಾವ, ಗೋದಾಮ ಖಾಲಿ ಬೇಕು.”

“ಉಳದ್ವು ಏನ್ರಿ ಧಣಿ?”

“ಹೈವೇದಾಗ ಢಾಬಾದಾವ ಕೇಳ್ಯಾನ.”

ನೋಡಿ, ಪುಣ್ಯಕ್ಕೂ ಒಂದು ಗಡುವು. ತಾಯಿಯ ಆತ್ಮಕ್ಕೆ ಶಾಂತಿ ಬೇಕು, ಆದರೆ ಶೇಂಗಾ ಬರುವ ತನಕ ಮಾತ್ರ.

ಮೊದಲ ಭಾನುವಾರ ಬಂದ ಜನವನ್ನು ಏನು ಹೇಳಲಿ. ಕಾರಿನ ಸಾಲು ಗೋದಾಮಿನಿಂದ ಹೊರಟು ಬಸ್‌ಸ್ಟ್ಯಾಂಡ್ ಸುತ್ತಿ ತಿರುಗಿ ಗೋದಾಮಿಗೇ ಬಂತು. ಒಂದೇ ಒಂದು ಬಿಳಿ ಮೊಲಕ್ಕೆ ನೀಲಿ ಕಣ್ಣಿತ್ತು. ಅದಕ್ಕಾಗಿ ಇಬ್ಬರು ವಕೀಲರ ಹೆಂಡತಿಯರು ಜಗಳವಾಡಿದರು, ಇವತ್ತಿಗೂ ಅವರ ಗಂಡಂದಿರು ಒಂದೇ ಕೋರ್ಟಿನಲ್ಲಿ ಮುಖ ತಿರುಗಿಸಿ ನಿಲ್ಲುತ್ತಾರೆ. ಆಮೇಲೆ ಕಂದು ಬಣ್ಣದವು ಹೋದವು. ಆಮೇಲೆ ಚುಕ್ಕಿಯವು. ಆಮೇಲೆ ಬೂದು. ಮೂರನೇ ಭಾನುವಾರದ ಹೊತ್ತಿಗೆ ಉಳಿದದ್ದು ಐದು. ನಾಲ್ಕು ಕರಿಯವು, ಮತ್ತೆ ಒಂದು ಹಾಲಿನಂಥ ಬಿಳಿ, ಕೆಂಪು ಕಣ್ಣಿನದು.

ಕರಿಯವನ್ನು ನೋಡಿ ಒಬ್ಬರು ಅಂದರು, “ಇವು ಶನಿ ಮಹಾತ್ಮನ ಮನೀವು ಇದ್ದಂಗದಾವ.” ಸರಿ, ಕಪ್ಪು ಬೇಡ. ಹಾಗಾದರೆ ಬಿಳಿಯದಕ್ಕೇನಾಗಿತ್ತು? ನೀವೆಲ್ಲ ಬಿಳಿ ಬಿಳಿ ಅಂತ ಬಾಯಿ ಬಿಡುವವರಲ್ಲವೇ? ಇದು ಬಿಳಿಯಲ್ಲಿ ಬಿಳಿ. ಆದರೆ ಕಣ್ಣು ಕೆಂಪು. ಅಂಥ ಮೊಲಕ್ಕೆ ಬೆಳಕಿನಲ್ಲಿ ಸರಿಯಾಗಿ ಕಾಣುವುದಿಲ್ಲ, ಎದುರಿಗಿರುವುದನ್ನು ಗುರುತಿಸಲು ತಲೆಯನ್ನು ಮೆಲ್ಲಗೆ ಅತ್ತಿತ್ತ ಆಡಿಸುತ್ತದೆ. ಜನ ಅದನ್ನು ಕಂಡು ಹಿಂದೆ ಸರಿದರು. “ಇದರ ಮೈಯಾಗ ಏನೋ ಬಂದೈತಿ” ಅಂದರು. ದನದ ಡಾಕ್ಟರು ತಿಳಿಸಿ ಹೇಳಿದರು, ಆ ಕಣ್ಣಿನಲ್ಲಿ ಕೆಂಪು ಬಣ್ಣ ಇಲ್ಲ, ಯಾವ ಬಣ್ಣವೂ ಇಲ್ಲ, ಒಳಗಿನ ರಕ್ತವೇ ಹೊರಗೆ ಕಾಣುತ್ತದೆ ಅಂತ. ಯಾರು ಕೇಳಿದರು? ರಕ್ತ ಕಂಡು ಹೆದರಿದರು, ತಮ್ಮ ಮೈಯಲ್ಲಿ ಹರಿಯುವುದು ಗುಲಾಬಿ ಶರಬತ್ತು ಅನ್ನುವ ಹಾಗೆ.

ಆ ಬಿಳಿ ಮೊಲ ಫಕೀರವ್ವನ ಸೀರೆಯ ಸೆರಗು ಬಿಡುತ್ತಿರಲಿಲ್ಲ. ಅವಳ ದನಿ ಕೇಳಿದರೆ ಓಡಿಬರುತ್ತಿತ್ತು, ಅವಳ ಪಾದದ ಮೇಲೆ ಗದ್ದ ಊರಿ ಕೂರುತ್ತಿತ್ತು. ಮನೆಗೆ ಒಯ್ಯೋಣ ಅಂತ ಬಾಡಿಗೆ ಮನೆಯ ಯಜಮಾನಿಯನ್ನು ಕೇಳಿದಳು. ಫಕೀರವ್ವನ ಮನೆಯಲ್ಲಿ ಮದುವೆಯಾಗದ ಮಗಳಿದ್ದಳು, ಹೊಲಿಗೆ ಕೆಲಸದವಳು, ಬಣ್ಣ ಕಪ್ಪು. ಯಜಮಾನಿ ಬಾಗಿಲಲ್ಲೇ ನಿಂತು ಅಂದಳು, “ಮೊದ್ಲ ನಿನ್ನ ಮಗಳ್ನ ಸಾಗಹಾಕವ್ವ, ಆಮ್ಯಾಲ ಮೊಲ ತಂದ್ಕೊಳ್ಳುವಂತಿ.”

ಮೂರನೇ ಭಾನುವಾರ ಒಬ್ಬ ಮೇಡಂ ಬಂದಿದ್ದರು. ಬಿಳಿ ಮೊಲದ ಬೆನ್ನು ಸವರಿದರು. “ಬಣ್ಣ ಭಾಳ ಚಲೋ ಐತಿ. ಕಣ್ಣೊಂದು ಕರ್ರಗಿದ್ದಿದ್ರ ಇವತ್ತ ಒಯ್ತಿದ್ದೆ ನೋಡ. ಮುಂದಿನ ವಾರ ಮತ್ತ ಈ ಕಡೆ ಬರೋದೈತಿ, ನೋಡೋಣಂತ” ಅಂದು ಹೋದರು.

ಇಲ್ಲಿಂದ ಮುಂದೆ ನಾನು ಏನೂ ಸೇರಿಸುವುದಿಲ್ಲ.

ಅದು ಸುಮ್ಮನೆ ಆಡಿ ಬಿಟ್ಟ ಮಾತು. ಫಕೀರವ್ವ ಅದನ್ನು ಮಾತು ಕೊಟ್ಟದ್ದು ಅಂತ ತಿಳಿದಳು. ಮಗಳನ್ನು ನೋಡಲು ಐದು ಸಲ ಬೀಗರು ಬಂದಿದ್ದರು. ಐದು ಸಲವೂ ಅವಳು ಮಗಳ ಮುಖಕ್ಕೆ ಪೌಡರ್ ಬಳಿದಿದ್ದಳು, ಕಣ್ಣಿಗೆ ಕಾಡಿಗೆ ತೀಡಿದ್ದಳು. ತೋರಿಸುವ ದಿನ ಏನು ಮಾಡಬೇಕು ಅಂತ ಅವಳಿಗೆ ಗೊತ್ತಿದ್ದದ್ದು ಅಷ್ಟೇ. ನಾಲ್ಕನೇ ಭಾನುವಾರ ಬೆಳಿಗ್ಗೆ ಮೊಲವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮನೆಯಲ್ಲಿ ಕರ್ಪೂರ ಹಾಕಿ ಮಾಡಿದ ಕಾಡಿಗೆಯನ್ನು ಎರಡೂ ಕಣ್ಣಿಗೆ ತುಂಬ ಹಚ್ಚಿದಳು. “ಇವತ್ತೊಂದಿನ ತಡ್ಕೊ ನನ್ನವ್ವ” ಅಂದಳು.

ಕರ್ಪೂರದ ಉರಿಗೆ ಮೊಲ ಮುಂಗಾಲಿನಿಂದ ಕಣ್ಣು ತಿಕ್ಕಿಕೊಂಡಿತು. ತಿಕ್ಕಿದಷ್ಟೂ ಉರಿ. ಮೇಡಂ ಬರುವ ಹೊತ್ತಿಗೆ ಒಂದು ಕಣ್ಣು ಊದಿ ಮುಚ್ಚಿತ್ತು, ಇನ್ನೊಂದರಿಂದ ಕಪ್ಪು ನೀರು ಸೋರಿ ಬಿಳಿ ಮುಖವೆಲ್ಲ ಮಸಿಯಾಗಿತ್ತು.

“ಅಯ್ಯ, ಇದಕ್ಕ ಏನ್ ರೋಗ ಬಂತು?”

“ರೋಗಲ್ರಿ ಬಾಯಾರ, ನಾನ ಕಾಡಿಗಿ ಹಚ್ಚೀನ್ರಿ. ನೀವ ಕರ್ರಗಿರಬೇಕಂದ್ರಲ್ಲ. ತೊಳದ್ರ ಹೋಗ್ತೈತ್ರಿ.”

“ಮೊಲಕ್ಕ ಯಾರರ ಕಾಡಿಗಿ ಹಚ್ತಾರೇನ? ಹುಚ್ಚಿ ಅದಿ ನೀ.” ನಕ್ಕರು. ಕಾರು ಹತ್ತಿದರು. ಕಾರಿನಲ್ಲಿ ಕೂತು ಆ ನಗೆಯನ್ನು ಯಾರಿಗೋ ಫೋನ್ ಮಾಡಿ ಹಂಚಿಕೊಂಡರು.

ಅದೇ ದಿನ ಮಧ್ಯಾಹ್ನ ಸಾಹುಕಾರನ ಮನೆಯಲ್ಲಿ ಒಬ್ಬ ಸ್ವಾಮಿಯ ಪಾದಪೂಜೆ ಇತ್ತು. ಫಕೀರವ್ವ ಮೊಲವನ್ನು ಸೆರಗಿನಲ್ಲಿ ಸುತ್ತಿಕೊಂಡು ಸ್ವಾಮಿಯ ಕಾರಿನ ಬಾಗಿಲಿಗೆ ಬಂದಳು. “ಅಜ್ಜಾರ, ನಾಳೆ ಲಾರಿ ಬರ್ತೈತ್ರಿ. ಮಠದಾಗ ಇರಾಕ ಒಂದು ಮೂಲಿ ಕೊಡ್ರಿ ಇದಕ್ಕ. ಡಾಕ್ಟರ್ ಕಣ್ಣ ವಾಸಿ ಆಗ್ತೈತಿ ಅಂದಾರ.”

ಸ್ವಾಮಿ ನೋಡಿದ. “ಮಠಕ್ಕೆ ಸಣ್ಣ ಮಕ್ಕಳು ಬರ್ತಾರವ್ವ, ಈ ಕೆಂಪು ಕಣ್ಣು ನೋಡಿದ್ರ ಹೆದರ್ತಾರ” ಅಂದ. ಮರುದಿನ ಶೇಂಗಾ ಬಂತು. ಐದೂ ಮೊಲ ಢಾಬಾಕ್ಕೆ ಹೋದವು. ಗೋಣಿಚೀಲ ಎತ್ತಿಕೊಟ್ಟವಳು ಫಕೀರವ್ವನೇ, ಅದು ಅವಳ ಕೆಲಸ.

ಆ ಸ್ವಾಮಿಗೆ ನೀವು ಈಗ ಮನಸ್ಸಿನಲ್ಲೇ ಬೈಯುತ್ತಿದ್ದೀರಿ. ಬೈಯಿರಿ. ಇನ್ನೂ ಜೋರಾಗಿ ಬೈಯಿರಿ, ಅವನು ಇಲ್ಲೇ ಕೂತಿದ್ದಾನೆ, ಮೈಕಿನ ಹಿಂದೆ. ನಮ್ಮ ಅಂಗಳದಲ್ಲಿ ನೀವು ದಾಸವಾಳದ ಎಲೆ ತಿನ್ನಿಸಿ ಫೋಟೋ ತೆಗೆಸಿಕೊಳ್ಳುತ್ತೀರಲ್ಲ, ಆ ಕಂದು ಮೊಲ, ಅದು ಮೊದಲ ಭಾನುವಾರ ನಾನೇ ಆರಿಸಿ ತಂದದ್ದು. ಆರಿಸಿ ತಂದದ್ದು. ಇಪ್ಪತ್ತೆರಡು ವರ್ಷದಿಂದ ಸಮದೃಷ್ಟಿಯ ಮೇಲೆ ಪ್ರವಚನ ಮಾಡುತ್ತಿರುವ ಬಾಯಿ ಇದು. ಒಂದು ಕಣ್ಣಿನ ಬಣ್ಣ ನೋಡಿ ಇಲ್ಲ ಅಂದಿತು.

ನನ್ನ ಪಾಪ ನಾನು ಹೊರುತ್ತೇನೆ. ಈಗ ನಿಮ್ಮ ಸರದಿ. ನಮ್ಮ ನೆಲದಲ್ಲಿ ಬೆಳೆಯುವುದು ಜೋಳ. ಆದರೆ ನೀವು ಬರೆಸುವ ಬಯೋಡೇಟಾಗಳಲ್ಲಿ ಹೆಣ್ಣುಮಕ್ಕಳೆಲ್ಲ ಗೋಧಿ ಬಣ್ಣ. ಇಷ್ಟೊಂದು ಗೋಧಿ ಎಲ್ಲಿ ಬೆಳೆಯಿತು ಸ್ವಾಮೀ? ನಾಳೆ ಬೆಳಿಗ್ಗೆ ಆ ಹಾಳೆ ತೆಗೆಯಿರಿ, ಬಣ್ಣ ಅನ್ನುವ ಸಾಲಿನ ಮೇಲೆ ಗೆರೆ ಎಳೆಯಿರಿ. ಫೋಟೋವನ್ನು ಬೆಳ್ಳಗೆ ಮಾಡಿಸಬೇಡಿ. ಹೆರಿಗೆಯಾದ ಮನೆಗೆ ಹೋದರೆ ಕೂಸು ಯಾರ ಬಣ್ಣ ಅಂತ ಕೇಳಬೇಡಿ, ತಾಯಿ ಉಂಡಳೇ ಅಂತ ಕೇಳಿ.

ಕೊನೆಯದಾಗಿ ಒಂದು ಮಾತು. ಬರುವ ಗುರುವಾರ ಫಕೀರವ್ವನ ಮನೆಗೆ ಆರನೇ ಸಲ ಬೀಗರು ಹೋಗುತ್ತಿದ್ದಾರೆ. ಅವರು ಈ ಸಭೆಯಲ್ಲೇ ಇದ್ದಾರೆ. ಯಾರು ಅಂತ ನಾನು ಹೇಳುವುದಿಲ್ಲ, ಆ ಕಡೆ ನೋಡುವುದೂ ಇಲ್ಲ. ಹೋಗಿ. ಚಹಾ ಕುಡಿಯಿರಿ. ಹುಡುಗಿ ಪೌಡರ್ ಹಚ್ಚಿಕೊಂಡು ಬರುತ್ತಾಳೆ. ಅವಳಿಗೆ ಮೊದಲು, ಮುಖ ತೊಳೆದುಕೊಂಡು ಬಾ ತಾಯಿ, ಆರಾಮಾಗಿ ಕೂತು ಮಾತಾಡೋಣ ಅನ್ನಿ. ಏನು ಹೊಲಿಯುತ್ತಾಳೆ, ಏನು ಓದಿದ್ದಾಳೆ, ಅವಳಿಗೆ ನಿಮ್ಮ ಹುಡುಗ ಬೇಕೋ ಬೇಡವೋ, ಅದನ್ನು ಕೇಳಿ. ಆಮೇಲೆ ಹೂಂ ಅನ್ನಿ, ಉಹೂಂ ಅನ್ನಿ, ಅದು ನಿಮಗೆ ಬಿಟ್ಟದ್ದು. ಆದರೆ ಬಣ್ಣ ನೋಡಿ ಉಹೂಂ ಅಂದು ಬಂದರೆ, ಮುಂದಿನ ಸೋಮವಾರ ಮಠಕ್ಕೆ ಬಂದಾಗ ನನ್ನ ಕಾಲು ಮುಟ್ಟಬೇಡಿ. ಪಕ್ಕದಲ್ಲಿ ಬಂದು ಕೂತುಕೊಳ್ಳಿ. ನಾವಿಬ್ಬರೂ ಒಂದೇ ಜಾತಿ.